ಕೊಡಗಿನ ಮಳೆಗೆ ಒಗ್ಗುವ ಕಂಪ್ಯೂಟರ್ ಬೇಕು

ಮಾನ್ಯರೇ,

ಮಳೆಗಾಲದಲ್ಲಿ ಬೀರುವಿನೊಳಗಿನ ಬಟ್ಟೆಗೂ ಬೂಸ್ಟು ಹಿಡಿಯುವ, ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಕಡಿತವಾಗುವ ಕೊಡಗಿನ ಶಾಲೆಗಳಲ್ಲಿ, ಕಚೇರಿಗಳಿಗೆಂದು ತಯಾರಾದ ಕಂಪ್ಯೂಟರ್‌ಗಳು ಬಹುಕಾಲ ಬಾಳುವುದಿಲ್ಲ. ಮಕ್ಕಳಿಗೆಂದೇ ರೂಪಿಸಿ 2007ರಲ್ಲಿ ಹೊರತಂದ ಎಕ್ಸ್‌ಒ ಲ್ಯಾಪ್‌ಟಾಪ್‌ನಲ್ಲಿ ನೀರು, ದೂಳು ಒಳಸೇರದ ರಬ್ಬರ್ ಕೀಲಿಮಣೆ, ಬಿಸಿಲಿನಲ್ಲೂ ಓದಬಹುದಾದ ಪರದೆ, ಮಾಹಿತಿ ಉಳಿಸಿಡಲು ತಿರುಗುವ ಡಿಸ್ಕ್‌ನ ಬದಲು ಚಲಿಸುವ ಭಾಗಗಳಿಲ್ಲದ ಫ್ಲ್ಯಾಶ್ ಮೆಮೊರಿ ಇದ್ದವು. 100 ಡಾಲರ್‌ನ ಗುರಿ ಇಟ್ಟುಕೊಂಡಿದ್ದರೂ ಬೆಲೆ ಅದರ ಸುಮಾರು ಎರಡರಷ್ಟಾಯಿತೆಂಬುದು ಬೇರೆ ಮಾತು. ನಮ್ಮದೇ ದೇಶದ 2011ರ ಆಕಾಶ್ ಟ್ಯಾಬ್ಲೆಟ್ ಅಗ್ಗವಾಗಿದ್ದರೂ ಅದರ ಮೊದಲ ಆವೃತ್ತಿಯ ಸ್ಪರ್ಶಪರದೆ, ಬ್ಯಾಟರಿಗಳ ಬಗ್ಗೆ ದೂರುಗಳೇ ಹೆಚ್ಚಾಗಿ ಕೇಳಿಬಂದವು. ಆದ್ದರಿಂದ ಶಿಕ್ಷಣ ಇಲಾಖೆಯು ಖರೀದಿಯ ಟೆಂಡರ್‌ನಲ್ಲಿ ಬೆಲೆಯೊಂದನ್ನೇ ನೋಡದೆ, ತೇವ ತಡೆಯುವ ಹೊರಕವಚವನ್ನೂ ಶಿಕ್ಷಕರೇ ಬದಲಿಸಬಹುದಾದ ಬ್ಯಾಟರಿಯನ್ನೂ ಷರತ್ತಾಗಿ ಸೇರಿಸಬೇಕೆಂದು ಕೋರುತ್ತೇನೆ.

– ಓರ್ವ ನಿವೃತ್ತ ಶಿಕ್ಷಕ, ಸೋಮವಾರಪೇಟೆ