ವಿಷಯ: ಒಂದೇ ಪೆಟ್ರೋಲಿಗೆ ಎರಡು ಸಲ ಬಿಲ್ಲು, ಅದರ ಮೇಲೆ ಬಡ್ಡಿ

ಶಾಖಾ ವ್ಯವಸ್ಥಾಪಕರಿಗೆ
ಬಾಗಲಕೋಟೆ

ಮಾನ್ಯರೆ,

ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಬಂದ ದಿನ ಚೀಟಿಗಳ ಡಬ್ಬಿ ತೆಗೆದು ಸಾಲು ಸಾಲಿಗೂ ಪೆನ್ಸಿಲ್ ಗುರುತು ಹಾಕುವುದು ನನ್ನ ರೂಢಿ. ಜೂನ್ ತಿಂಗಳದರಲ್ಲಿ ಒಂದು ಸಾಲಿಗೆ ಚೀಟಿ ಸಿಗಲಿಲ್ಲ. ಮೇ 24ರಂದು ಗದ್ದನಕೇರಿ ಕ್ರಾಸಿನ ಹತ್ತಿರ ಹಾಕಿಸಿದ 2,000 ರೂಪಾಯಿ ಪೆಟ್ರೋಲು ಎರಡು ಸಲ ಬಿದ್ದಿತ್ತು. ಬಂಕಿನವರು ಪಾಪ, ತಮ್ಮ ಮಷೀನಿನ ಆ ದಿನದ ಲೆಕ್ಕ ತೆಗೆದು ನೋಡಿ, ಹಣ ಒಂದೇ ಸಲ ಬಂದಿದೆ ಎಂದು ಸಹಿ ಶಿಕ್ಕಾ ಹಾಕಿಯೇ ಕೊಟ್ಟರು. ಅದನ್ನು ಲಗತ್ತಿಸಿ ಜೂನ್ 12ರಂದು ನಿಮ್ಮಲ್ಲಿ ದೂರು ಕೊಟ್ಟೆ. ಬಿಲ್ಲು 9,640 ರೂಪಾಯಿ. ತಕರಾರಿನ 2,000 ಬಿಟ್ಟು 7,640ನ್ನು ಗಡುವಿನೊಳಗೇ ಕಟ್ಟಿದೆ. ಐದು ಸಲ ಫೋನ್ ಮಾಡಿದೆ. ಕೊನೆಗೆ ಜುಲೈ ಬಿಲ್ಲಿನಲ್ಲಿ ತಾವು ಉತ್ತರ ಕಳಿಸಿದಿರಿ: ಬಡ್ಡಿ 350, ಅದರ ಮೇಲೆ ಜಿಎಸ್‌ಟಿ 63.

ಜುಲೈ 21ರಂದು ಶಾಖೆಗೇ ಬಂದೆ. ಟೋಕನ್ 43. ಮುಕ್ಕಾಲು ತಾಸು ಕೂತ ಮೇಲೆ ಕೌಂಟರಿನ ಯುವಕರು ನನ್ನ ಕಾಗದ ಬಿಚ್ಚದೆಯೇ ಕೇಳಿದರು: "ಅಜ್ಜಾರ, ಸ್ಟೇಟ್‌ಮೆಂಟ್ ಓದಾಕ ಬರತೈತೇನ್ರಿ?"

"ಬರತೈತಿ" ಅಂದೆ.

"ಮತ್ತ ಎರಡ ಸಲ ಹಾಕ್ಸಿರಬೇಕು, ಮರತಿರಿ. ವಯಸ್ಸಾತಲ್ರಿ."

ನನ್ನ ಕಾರಿನ ಟ್ಯಾಂಕು ಹಿಡಿಯುವುದೇ 35 ಲೀಟರ್. ಲೀಟರಿಗೆ 103 ರೂಪಾಯಿ ಹಿಡಿದರೂ 4,000 ರೂಪಾಯಿಗೆ 38 ಲೀಟರಿಗೂ ಹೆಚ್ಚಾಗುತ್ತದೆ, ಉಳಿದದ್ದನ್ನು ಬಾಟಲಿಯಲ್ಲಿ ತಂದೆನೇ ಎಂದು ಕೇಳಿದೆ. ಅವರು ನಕ್ಕು, ಪಕ್ಕದ ಕೌಂಟರಿನವರಿಗೆ ಕಣ್ಣು ಹೊಡೆದು, "ಮಿನಿಮಮ್ ಡ್ಯೂ ಕಟ್ಟಿ ಮನಿಗಿ ಹೋಗ್ರಿ, ಮುಂದಿಂದು ಸಿಸ್ಟಮ್ ನೋಡಕೋತೈತಿ" ಎಂದರು. ನನ್ನ ಹಿಂದೆಯೇ ನಿಂತಿದ್ದವನು ನನ್ನ ಹಳೆಯ ವಿದ್ಯಾರ್ಥಿ, ಎಂಟನೆಯ ತರಗತಿಯಲ್ಲಿ ನನ್ನ ಹತ್ತಿರವೇ ಚಕ್ರಬಡ್ಡಿ ಕಲಿತವನು. ನೆಲ ನೋಡುತ್ತ ನಿಂತ. 31 ವರ್ಷ ಗಣಿತ ಕಲಿಸಿದವನಿಗೆ ಮಿನಿಮಮ್ ಡ್ಯೂ, ಅಂದರೆ ಬಿಲ್ಲಿನ ಕನಿಷ್ಠ ಪಾಲು ಮಾತ್ರ ಕಟ್ಟಿ ಸುಮ್ಮನಿರುವ ಬುದ್ಧಿ ಹೇಳಿದ್ದಕ್ಕೆ ತಮ್ಮ ಸಿಬ್ಬಂದಿಗೆ ಬಹುಮಾನವನ್ನೇ ಕೊಡಬೇಕು. ಬಾಕಿ ಉಳಿದರೆ ಬಡ್ಡಿ ಬೆಳೆಯುವುದು ಯಾರ ಮನೆಯಲ್ಲಿ ಎಂಬುದು ನನಗೂ ಗೊತ್ತು.

ತಪ್ಪು ಬಿಲ್ಲು ಕಳಿಸಬಾರದು, ಗ್ರಾಹಕ ತಕರಾರು ಎತ್ತಿದರೆ 30 ದಿನದೊಳಗೆ ವಿವರಣೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ಕಾರ್ಡ್ ನಿರ್ದೇಶನ ತಮಗೆ ಬಾಯಿಪಾಠ ಇದ್ದೀತು. ಇಂದಿಗೆ 51 ದಿನ. ಕೋಪದಲ್ಲಿ ಬರೆಯಬಾರದೆಂದು ಹನ್ನೆರಡು ದಿನ ತಡೆದು ಬರೆಯುತ್ತಿದ್ದೇನೆ. ತಡೆದದ್ದು ಸಾಲಲಿಲ್ಲ ಅನ್ನಿಸುತ್ತದೆ.

2,000, 350, 63, ಒಟ್ಟು 2,413 ರೂಪಾಯಿಯನ್ನು ಬಿಲ್ಲಿನಿಂದ ತೆಗೆಯಿರಿ. ಇಲ್ಲವಾದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆದ ಅರ್ಜಿ ಮೇಜಿನ ಮೇಲೆ ತಯಾರಿದೆ, ಅದಕ್ಕೆ ಶುಲ್ಕವೂ ಇಲ್ಲ. ಅದರ ಬೆನ್ನಿಗೇ ಜಿಲ್ಲಾ ಗ್ರಾಹಕ ಆಯೋಗ. ಬಾಕಿ ಸೊನ್ನೆಯಾದ ದಿನವೇ ಕಾರ್ಡು ಮುಚ್ಚಲು ಅರ್ಜಿ ಕೊಡುತ್ತೇನೆ. ಅದನ್ನು ಮುಚ್ಚದೆ ಏಳು ಕೆಲಸದ ದಿನ ದಾಟಿದರೆ, ಅದೇ ನಿರ್ದೇಶನದಂತೆ ದಿನಕ್ಕೆ 500 ರೂಪಾಯಿ ತಾವೇ ನನಗೆ ಕಟ್ಟಬೇಕು. ಆ ಲೆಕ್ಕ ಬರೆಯಲು ಹೊಸ ನೋಟ್‌ಬುಕ್ ತಂದು ಗೆರೆ ಹೊಡೆದಿಟ್ಟಿದ್ದೇನೆ.

ಇಂತಿ,
ಓದಲು ಬರುವ ಗ್ರಾಹಕ