ತಾಯಿಗೆ ವಾರ್ಡಿನ ಬಾಗಿಲು ತೆರೆಸಿದ ಪ್ರೊಫೆಸರ್‌ಗೆ ಥ್ಯಾಂಕ್ಸ್

2026ರ ನವೆಂಬರ್ 25ಕ್ಕೆ ಅಮೆರಿಕದ ನರ್ಸಿಂಗ್ ಪ್ರೊಫೆಸರ್ ಕ್ಲೇರ್ ಫೇಗಿನ್ ಹುಟ್ಟಿ ನೂರು ವರ್ಷ. ನ್ಯೂಯಾರ್ಕಿನಲ್ಲಿ ಹುಟ್ಟಿದ ಅವರು 2024ರ ಜನವರಿಯಲ್ಲಿ, 97ರ ವಯಸ್ಸಿನಲ್ಲಿ ತೀರಿಕೊಂಡರು. ಮಕ್ಕಳ ವಾರ್ಡು ಮತ್ತು ಎಸ್‌ಎನ್‌ಸಿಯುಗಳಲ್ಲಿ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ದುಡಿಯುವವರು, ನರ್ಸಿಂಗ್ ಕಾಲೇಜುಗಳಲ್ಲಿ ಪಾಠ ಹೇಳುವವರು ಸೇರಿ ಅವರಿಗೆ ಈ ಕೃತಜ್ಞತೆ ಸಲ್ಲಿಸುತ್ತಿದ್ದೇವೆ. ನೈಟಿಂಗೇಲ್ ಹೆಸರಿನಲ್ಲಿ ದೀಪ ಹಿಡಿದು ಪ್ರತಿಜ್ಞೆ ಮಾಡಿದ ಎಷ್ಟೋ ಜನರಿಗೆ ಫೇಗಿನ್ ಯಾರೆಂದು ಗೊತ್ತಿಲ್ಲ. ಅವರಿಂದ ಪಡೆದದ್ದನ್ನು ಮಾತ್ರ ದಿನವೂ ಬಳಸುತ್ತೇವೆ.

ಮೊದಲನೆಯದು, ತಾಯಿಯ ಜಾಗ. ಆ ಕಾಲದ ಅಮೆರಿಕದ ಆಸ್ಪತ್ರೆಗಳಲ್ಲಿ ಮಗುವನ್ನು ಅಡ್ಮಿಟ್ ಮಾಡಿದರೆ ಅಪ್ಪ ಅಮ್ಮ ಭೇಟಿಯ ಹೊತ್ತಿಗೆ ಬಂದು ಹೋಗಬೇಕಿತ್ತು. ತಾಯಿ ಹೊರಟಾಗ ಮಗು ಅಳುತ್ತದೆ, ಆದ್ದರಿಂದ ತಾಯಿ ಬಾರದಿದ್ದರೇ ಶಾಂತಿ ಎನ್ನುವ ತರ್ಕ. ಮನೋರೋಗ ಶುಶ್ರೂಷೆಯಲ್ಲಿ ಪಳಗಿದ್ದ ಫೇಗಿನ್ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪಿಎಚ್‌ಡಿಗೆ (1964) ಇದನ್ನೇ ಎತ್ತಿಕೊಂಡರು. ತಾಯಿ ಜೊತೆಗೇ ಉಳಿದ ಮಕ್ಕಳನ್ನೂ, ತಾಯಿ ಬಂದು ಹೋಗುತ್ತಿದ್ದ ಮಕ್ಕಳನ್ನೂ ಮನೆಗೆ ಹೋದ ಮೇಲೆ ಹೋಲಿಸಿ ನೋಡಿದರು. ವಾರ್ಡಿನಲ್ಲಿ ‘ಶಾಂತ’ವಾಗಿದ್ದ ಮಗು ಮನೆಯಲ್ಲಿ ಹೇಗಿದೆ ಎಂದು ಕೇಳಿದ್ದೇ ದೊಡ್ಡದು. ತಾಯಿ ಜೊತೆಗಿದ್ದ ಮಕ್ಕಳು ಬೇಗ ಸುಧಾರಿಸಿಕೊಂಡಿದ್ದರು. ತೊಂದರೆ ಕಂಡದ್ದು ಇನ್ನೊಂದು ಗುಂಪಿನಲ್ಲಿ.

ನಮ್ಮ ಊರುಗಳಲ್ಲಿ ತಾಯಿ ಮಂಚದ ಕೆಳಗೆ ಚಾಪೆ ಹಾಸಿಯಾದರೂ ಉಳಿಯುತ್ತಾಳೆ. ಅವಳನ್ನು ಹೊರಗೆ ನಿಲ್ಲಿಸಿದ್ದು ನವಜಾತ ಶಿಶುಗಳ ಐಸಿಯು. ಅಲ್ಲಿ ಬಾಗಿಲು ತೆರೆಸಿದ್ದು ಕಾಂಗರೂ ಆರೈಕೆ, ಅಂದರೆ ಸಣ್ಣ ಮಗುವನ್ನು ತಾಯಿಯ ಬರಿ ಎದೆಗೆ ಬಟ್ಟೆಯಲ್ಲಿ ಕಟ್ಟಿ ಬೆಚ್ಚಗಿಡುವುದು. ಅದು ಫೇಗಿನ್ ಅವರದಲ್ಲ, 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದದ್ದು. ಆದರೆ ತಾಯಿಯೂ ಚಿಕಿತ್ಸೆಯ ಭಾಗ ಎಂಬ ವಾದಕ್ಕೆ ಅಳತೆಯ ಆಧಾರ ಕೊಟ್ಟ ಮೊದಲಿಗರಲ್ಲಿ ಅವರೊಬ್ಬರು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 1 ಕೆ.ಜಿ.ಯಿಂದ 1.8 ಕೆ.ಜಿ.ಯೊಳಗಿನ ಶಿಶುಗಳಿಗೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರುಮಾಡಿದಾಗ 28 ದಿನದೊಳಗಿನ ಸಾವು 15.7%ರಿಂದ 12%ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಕೊಪ್ಪಳ ಜಿಲ್ಲೆ ಇದನ್ನು ದೊಡ್ಡ ಮಟ್ಟದಲ್ಲಿ ಜಾರಿಗೆ ತಂದು ನೋಡಿದ ಜಾಗ.

ಇಲ್ಲಿ ಎಡವುವುದು ಕಟ್ಟುವುದರಲ್ಲೇ. ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೇನೂ ಬೇಡ. ಎದೆಗೆ ಎದೆ, ಕೈಕಾಲು ಕಪ್ಪೆಯ ಹಾಗೆ ಮಡಚಿ, ಮುಖ ಒಂದು ಪಕ್ಕಕ್ಕೆ, ಗದ್ದ ತುಸು ಮೇಲೆ. ಕಟ್ಟುವ ಬಟ್ಟೆಯ ಮೇಲಂಚು ಮಗುವಿನ ಕಿವಿಯ ಕೆಳಕ್ಕೆ ಬರಬೇಕು. ಬಿಗಿ ಎದೆಯ ಹತ್ತಿರ ಇರಲಿ, ಹೊಟ್ಟೆಯ ಮೇಲೆ ಬೇಡ, ಮಗು ಉಸಿರಾಡುವುದು ಹೊಟ್ಟೆಯಿಂದ. ಸಡಿಲವಾದರೆ ಮಗು ಕೆಳಕ್ಕೆ ಜಾರಿ ಕುತ್ತಿಗೆ ಮಡಚಿಕೊಳ್ಳುತ್ತದೆ, ಶ್ವಾಸನಾಳ ಅದುಮಿ ಮಗು ನೀಲಿಯಾಗುತ್ತದೆ. ಒಂದು ಸಲ ಎತ್ತಿಕೊಂಡರೆ ಒಂದು ಗಂಟೆಗಿಂತ ಮುಂಚೆ ಇಳಿಸಬಾರದು, ಎತ್ತಿ ಇಳಿಸುವುದೇ ಅದಕ್ಕೆ ಆಯಾಸ. ದಿನಕ್ಕೆ ಕನಿಷ್ಠ 8 ಗಂಟೆ, ಆದಷ್ಟೂ ಹೆಚ್ಚು. ಕಂಕುಳಿನ ತಾಪಮಾನ 36.5ರಿಂದ 37.5 ಸೆಲ್ಸಿಯಸ್ ಒಳಗಿರಬೇಕು.

ಇದನ್ನು ಬೊಂಬೆಯ ಮೇಲೆ ಕಲಿಸಬಹುದು. ಬೆವರಿಗೆ ಮಾನಿಟರಿನ ಪ್ರೋಬ್ (ಮೈಗೆ ಅಂಟಿಸುವ ಸೆನ್ಸರ್) ಜಾರಿ ಅಲಾರಂ ಬಡಿದುಕೊಳ್ಳುವಾಗ, ತಾಯಿ ಹೆದರಿ ಮಗುವನ್ನು ಕಿತ್ತು ಕೊಡಲು ನೋಡುವಾಗ ಏನು ಮಾಡಬೇಕೆಂದು ಬೊಂಬೆ ಕಲಿಸದು. ಎರಡನೆಯ ಋಣ ಇಲ್ಲಿಯದು. 1977ರಿಂದ 1992ರವರೆಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯ ಡೀನ್ ಆಗಿದ್ದ ಫೇಗಿನ್, ಪಾಠ, ಸಂಶೋಧನೆ, ರೋಗಿಯ ಆರೈಕೆ ಮೂರನ್ನೂ ಒಂದೇ ಸೂರಿನಡಿ ಕಟ್ಟಿದರು. ರೋಗಿಗಳನ್ನು ನೋಡುತ್ತಲೇ ಪ್ರೊಫೆಸರ್ ಆಗಿ ಬೆಳೆಯಲು ಪ್ರತ್ಯೇಕ ಹುದ್ದೆ ಮಾಡಿದರು, ಡಾಕ್ಟರೇಟ್ ವ್ಯಾಸಂಗ ತಂದರು. ನಮ್ಮಲ್ಲಿ ಸಾಮಾನ್ಯವಾಗಿ ಕಾಲೇಜಿನವರ ಹಾಜರಿ ಪುಸ್ತಕ ಬೇರೆ, ವಾರ್ಡಿನವರದು ಬೇರೆ. ನಡುವೆ ಲಾಗ್ ಬುಕ್ ಹಿಡಿದು ಸಹಿಗೆ ಅಲೆಯುವವರು ವಿದ್ಯಾರ್ಥಿಗಳು. 1993-94ರಲ್ಲಿ ಅವರು ಅದೇ ವಿಶ್ವವಿದ್ಯಾಲಯದ ಮಧ್ಯಂತರ ಅಧ್ಯಕ್ಷೆಯೂ ಆದರು.

ಅಲ್ಲಿ ಅವರ ಹೆಸರಿನ ಪ್ರಾಧ್ಯಾಪಕ ಪೀಠದಲ್ಲಿ ಕೂತವರು ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಹಿಡಿದು ಐಕೆನ್ ತಂಡ 2002ರಲ್ಲಿ ತೋರಿಸಿದ್ದು ಇಷ್ಟು: ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಾಧ್ಯತೆ 7% ಏರುತ್ತದೆ. ನಾಲ್ವರ ಬದಲು ಎಂಟು ಮಂದಿಯಾದರೆ 31%. ‘ಸ್ಟಾಫ್ ಕಮ್ಮಿ’ ಎಂಬ ಗೊಣಗಾಟಕ್ಕೆ ಅಂಕಿ ಸಿಕ್ಕಿತು. ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಮೂರು ರೋಗಿಗಳಿಗೊಬ್ಬ ನರ್ಸ್. ರಾತ್ರಿ ಪಾಳಿಯಲ್ಲಿ ನಿಂತು ಎಣಿಸಿದವರಿಗೆ ಇದನ್ನು ಓದಿದರೆ ನಗು ಬರುತ್ತದೆ.

ಇನ್ನೊಂದು ಥ್ಯಾಂಕ್ಸ್ ಆಯಾಗಳಿಗೆ. ಹೊತ್ತಿಗೆ ಸರಿಯಾಗಿ ಊಟ, ಕುಡಿಯಲು ಬಿಸಿನೀರು, ಬೆನ್ನಿಗೊಂದು ದಿಂಬು ಸಿಗದಿದ್ದರೆ ತಾಯಿ ಎರಡು ಗಂಟೆಗೇ ಸೋತು ಮಗುವನ್ನು ಇಳಿಸಿಬಿಡುತ್ತಾಳೆ. ಅದನ್ನು ತಂದುಕೊಡುವವರು ಅವರೇ.