ಟೈರಿಗೆ ಸರಪಳಿ ಬಿಗಿದ ಪುಣ್ಯಾತ್ಮರಿಗೆ

ಕಳೆದ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮಗಳ ಮನೆಯಿಂದ ನೆವಾಡಾದ ರೀನೋ ಊರಿಗೆ ಹೊರಟಿದ್ದೆವು. ಸುಮಾರು 7,200 ಅಡಿ ಎತ್ತರದ ಡಾನರ್ ಘಟ್ಟ ಹತ್ತುವ ಮೊದಲೇ ಹಿಮ ಸುರಿಯತೊಡಗಿತು. ಹಿಮದಲ್ಲಿ ಜಾರದಂತೆ ಟೈರಿಗೆ ಸರಪಳಿ ಕಟ್ಟದೆ ಮುಂದೆ ಬಿಡುವುದಿಲ್ಲವೆಂದರು ರಸ್ತೆ ಸಿಬ್ಬಂದಿ. ಸರಪಳಿಯೇನೋ ಇತ್ತು, ಕಟ್ಟಲು ಬರಬೇಕಲ್ಲ! ಅಳಿಯಂದಿರು ಕೈಪಿಡಿಯನ್ನೇ ತಲೆಕೆಳಗಾಗಿ ಹಿಡಿದಿದ್ದರು.

ಹಿಂದಿನ ಪಿಕಪ್‌ನಿಂದ ಇಳಿದ ತಾವು ಮಾತೇ ಆಡದೆ, ನಮ್ಮ ಕಾರಿನ ಕಾಲೊರಸನ್ನು ಹಿಮದ ಮೇಲೆ ಹಾಸಿ ಮಂಡಿಯೂರಿದಿರಿ. ಕೊಂಡಿ ಸಿಗಿಸಲು ಕೈಗವಸು ತೆಗೆದಾಗ ಬೆರಳುಗಳು ಬೇಯಿಸಿದ ಗೆಣಸಿನಂತೆ ಕೆಂಪಗಾಗಿದ್ದವು. ಹಣ ಬೇಡವೆಂದಿರಿ, ನನ್ನವಳು ಚಾಚಿದ ಕೋಡುಬಳೆಯನ್ನು ಮಾತ್ರ ಉಂಗುರದಂತೆ ತೊಟ್ಟು, ನಗುತ್ತಾ ಕಡಿದಿರಿ. ಹೆಸರು ಕೇಳುವಷ್ಟರಲ್ಲಿ ನಿಮ್ಮ ಗಾಡಿ ಹೊರಟೇಹೋಗಿತ್ತು.

ಕನ್ನಡ ನಿಮಗೆ ಬಾರದು, ಗೊತ್ತು. ಮನಸ್ಸು ಬಿಚ್ಚಿ ಮಾತಾಡಲು ನನಗೆ ಬರುವುದು ಇದೊಂದೇ. ದೊಡ್ಡ ಉಪಕಾರವಾಯಿತು, ಸ್ವಾಮಿ.